ಐವತ್ತೇಳರ ಮೆಟ್ಟಿಲು

ಮಾರ್ಚ್ 7, 1988, ಸೋಮವಾರ

ಲೆಲ್ಯಾಂಡ್ ಕ್ರೀಲ್ ಫೋನ್ ಮಾಡಿದ್ದ. ಬೆಳ್ಳಿ ಹಿಮ್ಮಡಿ ಸಮಿತಿಯ ಅಧ್ಯಕ್ಷ ತಾನಾಗಿಯೇ ಫೋನ್ ಮಾಡಿದನೆಂದರೆ ಯಾರೋ ಸತ್ತಿರಬೇಕು, ನನ್ನಿಂದ ಎರಡು ಒಳ್ಳೆಯ ಮಾತು ಬೇಕಾಗಿರಬೇಕು ಅಂದುಕೊಂಡೆ. ಯಾರೂ ಸತ್ತಿರಲಿಲ್ಲ. ಪ್ರಶಸ್ತಿಗೆ ಇದು ನಲವತ್ತನೆಯ ವರ್ಷವಂತೆ, ಮೇ ತಿಂಗಳ ಸಮಾರಂಭವನ್ನು ಟಿವಿಯಲ್ಲಿ ತೋರಿಸುತ್ತಾರಂತೆ. "ಅದಕ್ಕೇ ಐವತ್ತೇಳರ ಮೆಟ್ಟಿಲನ್ನ ತುಂಬಿಸಿಬಿಡೋಣ ಅಂತಿದ್ದೀವಿ ಚಿನ್ನ. ನೀನು ಊರಲ್ಲೇ ಇರ್ತೀಯಲ್ಲ?" ಅಂದ.

ಇರ್ತೀನಿ ಅಂದುಬಿಟ್ಟೆ. ನೋಡಿ ಹೇಳ್ತೀನಿ ಅನ್ನಬೇಕಿತ್ತು. ಅರವತ್ತಾರಾದರೂ ನನಗೆ ಬಿಗುಮಾನ ಮಾಡಲು ಬರುವುದಿಲ್ಲ.

ಈ ಪ್ರಶಸ್ತಿಯ ಪುರಾಣವನ್ನು ಊರಿಗೆಲ್ಲ ಹೇಳಿದ್ದೇನೆ, ಇವತ್ತು ನನಗೇ ಹೇಳಿಕೊಂಡರೆ ತಪ್ಪೇನು. ಕೋರಾ ಆರ್ಡೆಲ್ ಎಂಬ ಮಹಾತಾಯಿ ಮೊದಲ ಪ್ರದರ್ಶನದ ನಡುವೆಯೇ ಶೂನ ಹಿಮ್ಮಡಿ ಮುರಿದುಕೊಂಡು, ಉಳಿದರ್ಧ ನಾಟಕವನ್ನು ಕಾಲ ತುದಿಯಲ್ಲೇ ಕುಣಿದು ಮುಗಿಸಿದಳಂತೆ. ಅವಳು ಸತ್ತ ಮೇಲೆ ಗಂಡ ಆ ಮುರುಕು ಹಿಮ್ಮಡಿಯ ಅಚ್ಚು ತೆಗೆಸಿ, ಬೆಳ್ಳಿಯಲ್ಲಿ ಎರಕ ಹೊಯ್ಸಿ, ವರ್ಷಕ್ಕೊಬ್ಬ ಸಂಗೀತ ನಾಟಕದ ನಾಯಕಿಗೆ ಕೊಡಲು ಶುರುಮಾಡಿದ. ಆಗೆಲ್ಲ ತೀರ್ಮಾನ ಮಾಡುತ್ತಿದ್ದವರು ಐದು ಜನ ಗಂಡಸರು, ಅವರ ಕ್ಲಬ್ಬಿನ ಊಟದ ಮೇಜಿನಲ್ಲಿ. ಸಮಾರಂಭದ ಕೊನೆಗೆ ರಂಗದ ಮೇಲೆ ಮೆಟ್ಟಿಲ ಸಾಲು ನಿಲ್ಲಿಸುತ್ತಾರೆ, ವರ್ಷಕ್ಕೊಂದು ಮೆಟ್ಟಿಲು. ಗೆದ್ದವರು ತಮ್ಮ ತಮ್ಮ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಸತ್ತವರ ಮೆಟ್ಟಿಲಿನಲ್ಲಿ ಅವರು ಆ ನಾಟಕಕ್ಕೆ ತೊಟ್ಟಿದ್ದ ಶೂಗಳನ್ನು ಇಡುತ್ತಾರೆ. ಐವತ್ತೇಳರ ಮೆಟ್ಟಿಲಿನಲ್ಲಿ ಮಾತ್ರ ಮನುಷ್ಯರೂ ಇಲ್ಲ, ಶೂಗಳೂ ಇಲ್ಲ. ಆ ವರ್ಷ "ಪ್ರಶಸ್ತಿಗೆ ತಕ್ಕವರು ಯಾರೂ ಕಾಣಲಿಲ್ಲ" ಎಂದು ಪೇಪರಿನಲ್ಲಿ ಹಾಕಿಸಿ ಕೈತೊಳೆದುಕೊಂಡರು.

ಆ ವರ್ಷ "ಭಾನುವಾರದ ಟೋಪಿ"ಯಲ್ಲಿ ಕಿಕ್ಕಿರಿದ ಸಭೆಗೆ ಹಾಡುತ್ತಿದ್ದವಳು ನಾನು. ತಕ್ಕವರು ಯಾರೂ ಇಲ್ಲ ಅಂದರೆ ವರ್ನಾ ಹಸ್ಕಿನ್ ತಕ್ಕವಳಲ್ಲ ಅಂತಲೇ ಅರ್ಥ, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿಂದಾಚೆ ಪ್ರತಿ ವರ್ಷ ಕರೆಯುತ್ತಾರೆ. ಪ್ರತಿ ವರ್ಷ ಹೋಗಿ, ಕೂತು, ಆ ಖಾಲಿ ಮೆಟ್ಟಿಲನ್ನು ನೋಡಿ, ಮನೆಗೆ ಬಂದು ಅವರ ವಂಶಕ್ಕೆಲ್ಲ ಶಾಪ ಹಾಕುತ್ತೇನೆ.

ಕಪಾಟಿನಿಂದ ಪೆಟ್ಟಿಗೆ ತೆಗೆದೆ. ಆ ನಾಟಕದ ಹಸಿರು ಸ್ಯಾಟಿನ್ ಶೂಗಳು ಹಾಗೇ ಇವೆ, ಎಡಗಾಲಿನದು ಸ್ವಲ್ಪ ಮಾಸಿದೆ.

ಮಾರ್ಚ್ 9, ಬುಧವಾರ

ಬುಧವಾರ ನನ್ನ ಶಿಷ್ಯೆಯರು ಹಾಡು ಕಲಿಯಲು ಬರುವುದಿಲ್ಲ, ಎಲ್ಲರಿಗೂ ಮಧ್ಯಾಹ್ನದ ಆಟ ಇರುತ್ತದೆ. ಎದುರು ಮನೆಯ ಐಡಾ ಜೆಲ್ನಿಕ್‌ಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ. ಐಡಾ ಜೀವಮಾನವೆಲ್ಲ ನಟಿಯರ ಬೆನ್ನ ಗುಂಡಿ ಹಾಕಿದವಳು, ಬಟ್ಟೆ ಬಿಚ್ಚಿದ ಮೇಲೆ ನಾವೆಲ್ಲ ಏನು ಅಂತ ಚೆನ್ನಾಗಿ ಬಲ್ಲವಳು.

"ಹಾಗಾದ್ರೆ ಆ ಶೂ ಪೆಟ್ಟಿಗೆಗೆ ಕೊನೆಗೂ ಮದುವೆ ಆಯ್ತು ಅನ್ನು," ಅಂದಳು. ನನ್ನ ನೀಲಿ ಗೌನಿನ ಸೊಂಟ ಬಿಡಿಸಿ ಕೊಡುತ್ತೇನೆ ಎಂದೂ ಹೇಳಿದಳು, ಎಷ್ಟು ಬಿಡಿಸಬೇಕಾಗುತ್ತದೆ ಎಂದೂ ಹೇಳಿದಳು. ಎರಡನೆಯದು ಬೇಕಿರಲಿಲ್ಲ.

ಮೆಟ್ಟಿಲ ಮೇಲೆ ನಿಂತಾಗ ಏನೂ ಮಾತಾಡದೆ ಸುಮ್ಮನೆ ತಲೆ ಬಾಗಿಸುವುದೇ ಗಂಭೀರ. ಕನ್ನಡಿ ಮುಂದೆ ಮಾಡಿ ನೋಡಿದೆ. ಕತ್ತು ನೋಯುತ್ತದೆ.

ಮಾರ್ಚ್ 16, ಬುಧವಾರ

ಫೀಬಿ ಲಿಂಡ್ಕ್ವಿಸ್ಟ್ ಎಂಬ ಹುಡುಗಿ ಸಮಿತಿಗಾಗಿ ಪ್ರಶಸ್ತಿಯ ನಲವತ್ತು ವರ್ಷದ ಇತಿಹಾಸ ಬರೆಯುತ್ತಿದ್ದಾಳೆ. ಎಂಟನೇ ಅವೆನ್ಯೂ ಮೂಲೆಯ ಕಾಫಿ ಅಂಗಡಿಯಲ್ಲಿ ಭೇಟಿಯಾಗಲು ಕರೆದಿದ್ದಳು. ನನ್ನ ಸಂದರ್ಶನ ಇರಬಹುದೆಂದು ತುಟಿಗೆ ಬಣ್ಣ ಹಚ್ಚಿಕೊಂಡು ಹೋದೆ.

ಮೊದಮೊದಲು ಮಾತು ಚೆನ್ನಾಗಿಯೇ ಇತ್ತು. ಅರವತ್ಮೂರರಲ್ಲಿ ಇಬ್ಬರಿಗೆ ಸಮ ಬಂದು, ಎರಕ ಹೊಯ್ಸಿದ್ದು ಒಂದೇ ಆದ್ದರಿಂದ ಆರಾರು ತಿಂಗಳು ಇಟ್ಟುಕೊಳ್ಳಿ ಎಂದದ್ದು, ಮೊದಲು ತೆಗೆದುಕೊಂಡವಳು ಹಿಂದಿರುಗಿಸದೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕೂತದ್ದು ಎಲ್ಲ ಹೇಳಿದೆ. ಹುಡುಗಿ ನಕ್ಕಳು. ಆಮೇಲೆ ಚಮಚ ತಿರುಗಿಸುತ್ತಾ ಕೂತಳು. ಆ ಐದು ಜನರಲ್ಲಿ ಒಬ್ಬ ಇನ್ನೂ ಬದುಕಿದ್ದಾನಂತೆ, ವೃದ್ಧಾಶ್ರಮದಲ್ಲಿ. ಐವತ್ತೇಳರಲ್ಲಿ ಏನಾಯಿತು ಎಂದು ಕೇಳಿದ್ದಕ್ಕೆ, ಎಷ್ಟೋ ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನಂತೆ ಎಲ್ಲವನ್ನೂ ಹೇಳಿಬಿಟ್ಟನಂತೆ.

ಆ ವರ್ಷ ತೀರ್ಮಾನ ಆಗಿತ್ತು. ಐವರಲ್ಲಿ ಮೂವರು "ಕಾರ್ಟರ್ ಬೀದಿ"ಯ ಓಪಲ್ ಟಾಲಿವರ್ ಹೆಸರು ಹೇಳಿದ್ದರು. ಆಮೇಲೆ ಯಾರಿಗೋ ನೆನಪಾಯಿತು, ಪ್ರಶಸ್ತಿಯ ಔತಣ ನಡೆಯುವುದು ಇದೇ ಕ್ಲಬ್ಬಿನಲ್ಲಿ, ಇಲ್ಲಿಗೆ ಕಪ್ಪು ಜನರನ್ನು ಬಿಟ್ಟುಕೊಳ್ಳುವುದಿಲ್ಲ. ಔತಣದ ಜಾಗ ಬದಲಾಯಿಸುವುದಕ್ಕಿಂತ ಆ ವರ್ಷದ ಪ್ರಶಸ್ತಿಯನ್ನೇ ಬಿಡುವುದು ಸುಲಭ ಎನಿಸಿತಂತೆ.

"ಹಾಗಾದ್ರೆ ಮೆಟ್ಟಿಲು?" ಅಂದೆ.

"ಮಿಸ್ ಟಾಲಿವರ್ ಅವರದು, ಮೇಡಂ. ನದಿಯಾಚೆ ನ್ಯೂವರ್ಕಿನಲ್ಲಿದ್ದಾರೆ. ಫೋನಲ್ಲಿ ವಿಷಯ ತಿಳಿಸಿದ್ದೀನಿ. ಕ್ರೀಲ್ ಅವರು ನಿಮಗೆ ಹೇಳಿದ್ರು ಅಂದ್ಕೊಂಡಿದ್ದೆ."

ಕಾಫಿಯ ದುಡ್ಡು ಅವಳೇ ಕೊಟ್ಟಳು. ಉಳಿದಿಬ್ಬರು ಯಾರ ಹೆಸರು ಹೇಳಿದರು ಎಂದು ನಾನು ಕೇಳಲಿಲ್ಲ. ಕೇಳುವುದೇನಿದೆ, ಇನ್ನು ಯಾರಿದ್ದರು.

ಮಾರ್ಚ್ 17

ಐಡಾ ಗೌನು ತಂದಳು. ಈಗ ಬೇಡ ಅಂದೆ.

ಮಾರ್ಚ್ 24, ಗುರುವಾರ

ಕ್ರೀಲ್ ಊಟಕ್ಕೆ ಕರೆದು ಬಾತುಕೋಳಿ ತಿನ್ನಿಸಿದ. ಬಾತುಕೋಳಿ ತಿನ್ನಿಸಿದಾಗಲೇ ಗೊತ್ತಾಯಿತು ಏನೋ ಇದೆ ಅಂತ. ಐವತ್ತೇಳರ ಹಿಮ್ಮಡಿಯನ್ನು ಓಪಲ್ ಟಾಲಿವರ್ ಕೈಗೆ ನಾನು ಕೊಡಬೇಕಂತೆ. ಆ ವರ್ಷದ ಇನ್ನೊಬ್ಬ ನಾಯಕಿ, ಹಳೆಯ ಗಾಯ ಮಾಯುವುದು, ಟಿವಿಯವರಿಗೆ ಕಣ್ಣೀರು, ಹೀಗೇ ಏನೇನೋ ಹೇಳಿದ. ನಾನು ಬಾಯಿ ಬಿಡುವ ಮುನ್ನ, "ನೀನೂ ಅದೇ ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ನಿಂತಿರ್ತೀಯ," ಅಂದ. ಮೀನಿಗೆ ಗಾಳ ಹಾಕುವುದು ಅವನಿಗೆ ಕಲಿಸಬೇಕಾಗಿಲ್ಲ.

ಆ ಹೆಂಗಸಿನ ನಾಟಕ ನಾನು ನೋಡಿದ್ದೆ. ಆಗ ನಮ್ಮ ಆಟಕ್ಕೆ ರಜೆ ಇದ್ದ ದಿನ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮಧ್ಯಂತರದಲ್ಲಿ ಎದ್ದು ಬಂದೆ. ತಲೆನೋವಿತ್ತು.

ಆಗಲಿ ಅಂದೆ ಕ್ರೀಲ್‌ಗೆ. ಕೊಡುವವಳಾಗಿ ಆದರೂ ಆ ಮೆಟ್ಟಿಲು ಹತ್ತಿದ ಹಾಗಾಯಿತು. ಅವಮಾನವೇ, ಆದರೆ ದೀಪದ ಬೆಳಕಲ್ಲಿ ನಡೆಯುವ ಅವಮಾನ. ಕತ್ತಲಲ್ಲಿ ಕೂತು ನೋಡಿದ್ದು ಸಾಕಾಗಿದೆ.

ಏಪ್ರಿಲ್ 6, ಬುಧವಾರ

ಓಪಲ್ ಟಾಲಿವರ್ ಸಮಿತಿಯ ಫೋನಿಗೆ ಸಿಗುತ್ತಿಲ್ಲವಂತೆ. ನೀನೇ ಹೋಗಿ ಒಪ್ಪಿಸು, ನಟಿಗೆ ನಟಿ ಹೇಳಿದರೆ ಬೇರೆ ಎಂದು ಕ್ರೀಲ್ ನನ್ನನ್ನು ಅಟ್ಟಿದ. ವೇದಿಕೆಯಲ್ಲಿ ಓದಬೇಕಾದ ಮಾತುಗಳ ಹಾಳೆಯನ್ನೂ ಕೈಗಿತ್ತ. ನದಿಯ ಕೆಳಗಿನ ರೈಲು ಹಿಡಿದು ನ್ಯೂವರ್ಕಿಗೆ ಹೋದೆ. ಕೆಳಗಿನ ಅಂತಸ್ತಿನ ಮನೆ, ಮೇಲೆ ತಂಗಿಯ ಮಗಳ ಸಂಸಾರ. ಬಾಗಿಲು ತೆರೆದವಳು ಎತ್ತರದ ಹೆಂಗಸು, ಕೋಲು ಹಿಡಿದಿದ್ದಳು, ಕಾಲುಗಳೆರಡೂ ಬಾತುಕೊಂಡಿದ್ದವು. ನೋಡಿದ ಕೂಡಲೇ ಗುರುತು ಹಿಡಿದಳು.

"ಮಿಸ್ ಹಸ್ಕಿನ್. ಮಾರ್ಗರೀನ್ ಜಾಹೀರಾತಿನಲ್ಲಿ ನೋಡಿದ್ದೆ."

ಮೂವತ್ತು ನಾಟಕ ಮಾಡಿದರೂ ಜನಕ್ಕೆ ನೆನಪಿರುವುದು ಆ ನಕಲಿ ಬೆಣ್ಣೆ ಮಾರ್ಗರೀನ್. ಅದು ಬೇಕೆಂದೇ ಹೇಳಿದ ಮಾತು, ನನಗೆ ಗೊತ್ತಾಗುವುದಿಲ್ಲವೇ.

ಕೂರಿಸಿ ಜೋಳದ ಬ್ರೆಡ್ಡು ಕೊಟ್ಟಳು. "ಕಾರ್ಟರ್ ಬೀದಿ" ಮುಗಿದ ಮೇಲೆ ಇನ್ನೆರಡು ವರ್ಷ ಅಲ್ಲಿ ಇಲ್ಲಿ ಹಾಡಿ ಬಿಟ್ಟುಬಿಟ್ಟಳಂತೆ, ಟೆಲಿಫೋನ್ ಕಂಪನಿಗೆ ಸೇರಿ ಅಲ್ಲೇ ನಿವೃತ್ತಳಾದಳಂತೆ. ಈಗ ಚರ್ಚಿನ ಗಾಯನವೃಂದದಲ್ಲಿ ಹಿಂದಿನ ಸಾಲಿನಲ್ಲಿ ಕೆಳದನಿಯಲ್ಲಿ ಹಾಡುತ್ತಾಳಂತೆ. ಅಂಥ ತಾರಸ್ಥಾಯಿಯ ಗಂಟಲಿಟ್ಟುಕೊಂಡು ಕೆಳದನಿಯಲ್ಲಿ. ಮೂರ್ಖತನ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಹಾಳೆಯನ್ನು ಓದಿ ತೋರಿಸಿ ಅಂದಳು. "ಕಾರಣಾಂತರಗಳಿಂದ ಆ ವರ್ಷ ಕೈತಪ್ಪಿದ ಗೌರವವನ್ನು" ಎಂಬಲ್ಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದಳು.

"ಕಾರಣಾಂತರ ಅಂದ್ರೆ ಏನು, ಮಿಸ್ ಹಸ್ಕಿನ್? ನನ್ನ ಚರ್ಮಾನಾ?"

ನಾನು ಬರೆದದ್ದಲ್ಲ ಅಂದೆ.

"ಬರೆದೋರಿಗೆ ಹೇಳಿ. ಆ ಕಾರಣ ಏನು ಅಂತ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿದ್ರೆ ಬರ್ತೀನಿ, ಯಾರಾದ್ರೂ ಎತ್ಕೊಂಡು ಹೋದ್ರೂ ಸರಿ. ಇಲ್ದಿದ್ರೆ ಆ ಮೆಟ್ಟಿಲು ಹಾಗೇ ಇರ್ಲಿ. ಅದು ಅವರೇ ತೋಡಿದ ಗುಂಡಿ. ನಾನು ಹೋಗಿ ಅದರಲ್ಲಿ ನಿಂತ್ರೆ ಗುಂಡಿ ಮುಚ್ಚಿಹೋಗತ್ತೆ, ಎಲ್ರೂ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ಅಷ್ಟು ಸುಲಭಕ್ಕೆ ಬಿಡಲ್ಲ ನಾನು."

ನನಗೆ ಮೈ ಉರಿದುಹೋಯಿತು. ಅವಳ ಹಟದಿಂದ ನನ್ನ ಮೆಟ್ಟಿಲೂ ಹೋಯಿತು. ಇವಳಿಗೆ ಸಿಕ್ಕಿದ್ದನ್ನು ಇವಳು ಬೇಡ ಅನ್ನಬಹುದು, ಸಿಗದವಳು ಏನು ಮಾಡಬೇಕು? ನೆಟ್ಟಗೆ ಎದ್ದು ಬಂದೆ. ರೈಲಿನಲ್ಲಿ ಕೂತ ಮೇಲೆ ನೋಡಿದರೆ ಛತ್ರಿ ಅಲ್ಲೇ ಬಿಟ್ಟಿದ್ದೇನೆ.

ಏಪ್ರಿಲ್ 13, ಬುಧವಾರ

ಛತ್ರಿ ತರಲು ಹೋಗಿದ್ದೆ. ಹಿಡಿ ಮುರಿದಿರುವ ಛತ್ರಿಯೇ, ಆದರೂ ನನ್ನದು ನನ್ನದೇ.

ಕ್ರೀಲ್ ಕೊಟ್ಟ ಉತ್ತರವನ್ನೂ ತಲುಪಿಸಿದ ಹಾಗಾಯಿತು. ಆ ಕ್ಲಬ್ಬಿನವರು ಈಗಲೂ ಪ್ರಶಸ್ತಿಯ ಪೋಷಕರಂತೆ, ಟಿವಿಯಲ್ಲಿ ಅವರ ಮಾನ ತೆಗೆಯಲಾಗುವುದಿಲ್ಲವಂತೆ. ಓಪಲ್ ಟಾಲಿವರ್ ತಲೆಯಾಡಿಸಿ, "ಅದೇ ಮತ್ತೆ," ಅಂದಳು, ಅಷ್ಟೇ. ಆಮೇಲೆ "ಭಾನುವಾರದ ಟೋಪಿ"ಯ ಎರಡನೇ ಹಾಡನ್ನು ನಾನು ಓಡಿಸಿಕೊಂಡು ಹಾಡುತ್ತಿದ್ದೆ ಎಂದು ಶುರು ಮಾಡಿದಳು. ರೇಡಿಯೋದಲ್ಲಿ ಕೇಳಿದ್ದಳಂತೆ. ಉಸಿರು ಸಾಲದವರು ಹಾಗೆ ಓಡುತ್ತಾರೆ ಎಂದಳು. ಉಸಿರಿನ ಬಗ್ಗೆ ನನಗೆ ಹೇಳಲು ಬಂದಳು, ಇಪ್ಪತ್ತೈದು ವರ್ಷ ಟೆಲಿಫೋನ್ ಸ್ವಿಚ್‌ಬೋರ್ಡಿನ ಮುಂದೆ ಕೂತವಳು. ಪಿಯಾನೋ ಇದ್ದಿದ್ದರೆ ಅಲ್ಲೇ ತೋರಿಸುತ್ತಿದ್ದೆ. ಮೇಜು ಬಡಿದು ತಾಳ ಹಾಕಿ ತೋರಿಸಿದೆ. ಮೇಲಿನ ಮನೆಯವರು ನೆಲ ಕುಟ್ಟಿದರು.

ಸಿಹಿಗೆಣಸಿನ ಪೈ ಚೆನ್ನಾಗಿತ್ತು. ಕನ್ನಡಕದ ಡಬ್ಬಿ ಅಲ್ಲೇ ಉಳಿಯಿತು.

ಏಪ್ರಿಲ್ 27, ಬುಧವಾರ

ಹೋದ ವಾರ ಕನ್ನಡಕದ ಡಬ್ಬಿ ತಂದೆ, ಈ ವಾರ ಅವಳಿಗೆ ಕಾಲಿಗೆ ಹಾಕುವ ಉದ್ದನೆಯ ಬಿಗಿ ಕಾಲುಚೀಲ ಕೊಟ್ಟು ಬಂದೆ, ಐಡಾಳ ಹತ್ತಿರ ಒಂದು ಜೊತೆ ಹೆಚ್ಚಿತ್ತು. "ಏನೇ, ಆ ಹೆಂಗಸನ್ನ ಕಂಡ್ರೆ ಆಗಲ್ಲ ಅಂತಿದ್ದೆ?" ಅಂತ ಐಡಾ ಕೇಳಿದಳು. ಆಗುವುದಿಲ್ಲ ನಿಜ. ಕಾಲು ಬಾತವರಿಗೆ ಕಾಲುಚೀಲ ಕೊಡಲು ಪ್ರೀತಿ ಯಾಕೆ ಬೇಕು.

ಓಪಲ್ ಇವತ್ತು ಪಾತ್ರೆ ತೊಳೆಯುತ್ತಾ ಒಂದು ಸಾಲು ಹಾಡಿದಳು. ನಾನು ಬೇರೆ ಕೋಣೆಯಲ್ಲಿದ್ದೇನೆ ಅಂದುಕೊಂಡಿದ್ದಳು. ನಾನು ಬಾಗಿಲಿಗೆ ಬಂದು ನಿಂತ ಕೂಡಲೇ ನಿಲ್ಲಿಸಿ, ನಲ್ಲಿ ಜೋರು ಮಾಡಿದಳು.

ಮೇ 3, ಮಂಗಳವಾರ

ಕ್ರೀಲ್ ಮನೆಗೇ ಬಂದಿದ್ದ, ಹೂಗುಚ್ಛ ಹಿಡಿದು.

"ಟಿವಿಯವರಿಗೆ ಮೆಟ್ಟಿಲ ಸಾಲಲ್ಲಿ ಖಾಲಿ ಜಾಗ ಬೇಡ್ವಂತೆ. ಹಲ್ಲು ಬಿದ್ದ ಹಾಗೆ ಕಾಣತ್ತಂತೆ. ಐವತ್ತೇಳು ನಿಂದೇ ಚಿನ್ನ. ಬೆಳ್ಳಿ ಹಿಮ್ಮಡಿ, ಹೆಸರು ಕೊರೆಸಿ, ಎಲ್ಲಾನೂ. ಆ ಹೆಂಗಸು ಬೇಡ ಅಂದ್ಮೇಲೆ ಇನ್ಯಾರು?"

ಉಳಿದ ಎರಡು ಓಟು ನನ್ನವೇ ಅಲ್ಲವೇ, ಹಾಗಾಗಿ ನ್ಯಾಯವಾಗಿಯೇ ಬರುತ್ತದೆ ಅಂದೆ. ಕ್ರೀಲ್ ಹೂಗಳನ್ನು ನೀರಿಗೆ ಹಾಕಲು ಪಾತ್ರೆ ಹುಡುಕತೊಡಗಿದ. "ಈಗ ಅದನ್ನೆಲ್ಲ ಯಾರು ಕೇಳ್ತಾರೆ?" ಅಂದ.

ಅವನು ಹೋದ ಮೇಲೆ ಫೀಬಿಗೆ ಫೋನ್ ಮಾಡಿದೆ. ಅವಳಿಗೆ ಹೇಳಲು ಮನಸ್ಸಿಲ್ಲ, ಆದರೂ ಸುಳ್ಳು ಬರದ ಹುಡುಗಿ. ಆ ಎರಡು ಓಟು ಲಂಡನ್ನಿನಿಂದ ಬಂದಿದ್ದ ಒಬ್ಬಳಿಗೆ ಬಿದ್ದಿದ್ದವಂತೆ. ಅವಳ ಹೆಸರೇ ನನಗೆ ಮರೆತುಹೋಗಿತ್ತು, ಸತ್ತು ಎಷ್ಟೋ ಕಾಲವಾಯಿತು.

"ಆ ಮೇಜಿನಲ್ಲಿ ನನ್ನ ಹೆಸರು ಬಂದಿತ್ತಾ?" ಎಂದು ಕೇಳಿದೆ.

"ಆ ಅಜ್ಜನಿಗೆ ನೆನಪಿಲ್ಲ, ಮೇಡಂ," ಅಂದಳು. ಮೊದಲ ಸುಳ್ಳು ಅದೇ ಇರಬೇಕು, ತಡವರಿಸಿದಳು.

ಮೇ 4

ಬೈಯಲು ಮೂವತ್ತೊಂದು ವರ್ಷ ಒಂದು ಕಾರಣ ಇತ್ತು. ಅದನ್ನೂ ಕಿತ್ತುಕೊಂಡರು.

ಮೇ 5

ಆದರೂ ಕೊಡುತ್ತೇವೆ ಅನ್ನುತ್ತಿದ್ದಾರಲ್ಲ. ಬೆಳ್ಳಿ ಬೆಳ್ಳಿಯೇ. ನಾನೇನು ಕದ್ದೆನೇ, ಕೇಳಿದೆನೇ? ನಾನು ಹಾಡಿದೆ, ಜನ ಬಂದರು, ಇಡೀ ವರ್ಷ ಬಂದರು. ಆ ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನಕ್ಕೆ ನನ್ನಷ್ಟು ಹಾಡಲು ಬರುವುದಿಲ್ಲ. ಎಪ್ಪತ್ತೊಂದರ ಹಿಮ್ಮಡಿ ಗೆದ್ದವಳಿಗೆ ಶ್ರುತಿಯೇ ಇರಲಿಲ್ಲ, ನಿರ್ಮಾಪಕನ ಹೆಂಡತಿಯಾಗಿದ್ದಳು. ಅವಳು ನಗುತ್ತಾ ನಿಲ್ಲುತ್ತಾಳೆ, ನಾನು ನಿಂತರೆ ಏನು?

ಹಸಿರು ಶೂ ತೊಟ್ಟು ಕೋಣೆಯಲ್ಲಿ ನಡೆದು ನೋಡಿದೆ. ಬಲಗಾಲು ಹೋಗುತ್ತದೆ. ಎಡಗಾಲಿಗೆ ಬಿಗಿ.

ಐಡಾ ಗೌನು ತೊಡಿಸಿ, ಬೆನ್ನ ಗುಂಡಿ ಹಾಕಿ, ದೂರ ನಿಂತು ನೋಡಿದಳು. ಅವಳಿಗೆ ಎಲ್ಲ ಹೇಳಿದ್ದೆ. "ಚೆನ್ನಾಗಿ ಕಾಣ್ತೀಯ," ಅಂದಳು. ಐಡಾ ತಮಾಷೆ ಮಾಡದೆ ಹೋದದ್ದು ನನಗೆ ಹಿಡಿಸಲಿಲ್ಲ.

ಮೇ 11, ಬುಧವಾರ

ನ್ಯೂವರ್ಕಿಗೆ ಹೋಗಿ ಓಪಲ್‌ಗೆ ಹೇಳಿದೆ. ಅವಳು ಬೇರೆಯವರ ಬಾಯಿಂದ ಕೇಳುವುದು ಬೇಡ ಅನ್ನಿಸಿತು. ಶೂ ಪೆಟ್ಟಿಗೆಯನ್ನೂ ಯಾಕೆ ಒಯ್ದೆನೋ ಗೊತ್ತಿಲ್ಲ. ಬೈದು ಅಳಿಸಿಬಿಡುತ್ತಾಳೆ ಅಥವಾ ಬಾಗಿಲಾಚೆ ಅಟ್ಟುತ್ತಾಳೆ ಎಂದು ತಯಾರಾಗಿದ್ದೆ. ಅವಳು ಪೆಟ್ಟಿಗೆ ತೆರೆದು, ಶೂ ಎತ್ತಿ, ಒಳಗೆ ಕೈ ಹಾಕಿ ನೋಡಿದಳು.

"ನನ್ನ ಒಂದು ಕಾಲ್ಬೆರಳೂ ಹೋಗಲ್ಲ ಇದರಲ್ಲಿ. ಎಷ್ಟು ಚಿಕ್ಕ ಕಾಲು ನಿಂದು, ಹಕ್ಕಿ ಥರ."

"ನಿನ್ನವು ಎಲ್ಲಿ?" ಎಂದು ಕೇಳಿದೆ.

"ತಂಗಿ ಮಗಳಿಗೆ ಕೊಟ್ಟೆ. ಸ್ಕೂಲಲ್ಲಿ ಕುಣಿದು ಕುಣಿದು ಹರಿದು ಹಾಕಿದ್ಲು. ಶೂ ಇರೋದೇ ಅದಕ್ಕಲ್ವಾ."

ಮೆಟ್ಟಿಲ ಬಗ್ಗೆ ಏನು ಹೇಳುತ್ತೀಯ ಅಂದೆ. ಅವಳು ಶೂಗಳನ್ನು ಕಾಗದದಲ್ಲಿ ಸುತ್ತಿ, ಒಂದರ ಬೆನ್ನಿಗೆ ಒಂದು ಇಟ್ಟು, ಮುಚ್ಚಳ ಹಾಕಿದಳು.

"ನಿಂಗೆ ಬೇಕಾದ್ರೆ ಹೋಗಿ ನಿಂತ್ಕೋ, ವರ್ನಾ. ನನ್ನ ಕೇಳ್ಬೇಡ. ನಾನು ಹೂಂ ಅಂದ್ರೆ ನಿಂಗೆ ನೆಮ್ಮದಿ, ಊಹೂಂ ಅಂದ್ರೆ ನಾನು ಕೆಟ್ಟವಳು. ಎರಡೂ ನಂಗೆ ಬೇಡ."

ಎಂಥ ಹೆಂಗಸು. ಬೈದಿದ್ದರೆ ಹೋಗಿ ನಿಂತುಬಿಡುತ್ತಿದ್ದೆ.

ಮೇ 12, ಗುರುವಾರ

ಕ್ರೀಲ್‌ಗೆ ಫೋನ್ ಮಾಡಿ ಬರಲಾಗುವುದಿಲ್ಲ ಅಂದೆ. ಮೊಣಕಾಲು ನೋವು ಅಂದೆ. ಮೊಣಕಾಲು ನಿಜಕ್ಕೂ ನೋಯುತ್ತದೆ, ಮಳೆ ಬಂದಾಗ. ಒಂಬತ್ತು ಮೆಟ್ಟಿಲು ಹತ್ತಿಸಲು ಇಬ್ಬರು ಗಂಡಸರನ್ನು ಕೊಡುತ್ತೇನೆ ಅಂದ. ಬೇಡ ಅಂದೆ. ಇಷ್ಟು ವರ್ಷ ಗೋಳಾಡಿ ಈಗ ಬೇಡ ಅಂತೀಯಲ್ಲ, ನಿನಗೆ ತಲೆ ಕೆಟ್ಟಿದೆಯೇ ಎಂದು ಕೇಳಿದ. ಇರಬಹುದು ಅಂದೆ. ಫೋನ್ ಇಟ್ಟ ಮೇಲೆ ಅತ್ತೆ, ಮೊಣಕಾಲಿಗಲ್ಲ. ನನಗೆ ಆ ಮೆಟ್ಟಿಲು ಬೇಕಿತ್ತು. ಈಗಲೂ ಬೇಕು.

ಗೌನಿನ ಸೊಂಟವನ್ನು ಮತ್ತೆ ಹಿಡಿಯುವುದೇನೂ ಬೇಡ, ಹಾಗೇ ಇರಲಿ ಎಂದು ಐಡಾಗೆ ಹೇಳಿದೆ.

ಮೇ 22, ಭಾನುವಾರ

ಸಮಾರಂಭದ ದಿನ. ಮನೆಯಲ್ಲಿ ಒಬ್ಬಳೇ ಕೂತು ನೋಡಿದರೆ ಟಿವಿಗೆ ಏನಾದರೂ ಎಸೆದುಬಿಡುತ್ತೇನೆಂದು ಓಪಲ್ ಮನೆಗೆ ಹೋದೆ. ಅವಳ ಟಿವಿ ದೊಡ್ಡದು, ಎಸೆದರೂ ಅವಳದು. ಹಂದಿ ಮಾಂಸದ ಪಲ್ಯ, ಬೇಯಿಸಿದ ಸೊಪ್ಪು ಮಾಡಿದ್ದಳು. ಈ ವರ್ಷ ಗೆದ್ದ ಹುಡುಗಿಗೆ ಮಾತಾಡಲು ಬರುವುದಿಲ್ಲ, ತನ್ನ ನಾಯಿಗೆಲ್ಲ ಧನ್ಯವಾದ ಹೇಳಿದಳು. ನಾವಿಬ್ಬರೂ ಅವಳ ಗೌನಿಗೆ, ನಾಯಿಗೆ, ಉಸಿರಿಗೆ ಹೆಸರಿಟ್ಟು ಚೆನ್ನಾಗಿ ನಕ್ಕೆವು.

ಕೊನೆಗೆ ಮೆಟ್ಟಿಲ ಸಾಲು ಬಂತು. ಎಲ್ಲರೂ ನಿಂತಿದ್ದರು, ಶೂಗಳು ಹೊಳೆಯುತ್ತಿದ್ದವು. ಕ್ಯಾಮೆರಾ ಕೆಳಗಿನಿಂದ ಒಂದೊಂದೇ ಮೆಟ್ಟಿಲಾಗಿ ಏರಿತು. ನಾನು ಎದ್ದು ಟಿವಿಯ ಹತ್ತಿರ ಹೋದೆ. ಓಪಲ್ ಬಯಸಿದ ಗುಂಡಿಯನ್ನು ಊರೆಲ್ಲ ನೋಡಲಿ, ನಾನು ಬಿಟ್ಟುಕೊಟ್ಟದ್ದು ಅದಕ್ಕೇ ತಾನೇ.

ಐವತ್ತೇಳರ ಮೆಟ್ಟಿಲ ಮೇಲೆ ಹೂವಿನ ಕುಂಡ ಇಟ್ಟಿದ್ದರು. ಬಿಳಿ ಹೂವು, ಎಲೆಗಳು ಅಕ್ಕಪಕ್ಕದ ಮೆಟ್ಟಿಲಿಗೂ ಹಬ್ಬಿದ್ದವು. ಅಲ್ಲಿ ಏನೋ ಇಲ್ಲ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಕ್ರೀಲ್ ತನ್ನ ಜೇನಿನಂಥ ದನಿಯಲ್ಲಿ ಇತಿಹಾಸ ಓದುತ್ತಿದ್ದ. "ಸಾವಿರದ ಒಂಬೈನೂರ ಐವತ್ತೇಳು. ತನ್ನ ಉನ್ನತ ಮಟ್ಟವನ್ನು ಎಂದೂ ಬಿಟ್ಟುಕೊಡದ ಸಮಿತಿಗೆ ಆ ವರ್ಷ ಪ್ರಶಸ್ತಿಗೆ ತಕ್ಕವರು ಯಾರೂ ಕಾಣಲಿಲ್ಲ." ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಐವತ್ತೆಂಟಕ್ಕೆ ಹೋಯಿತು.

ಫೀಬಿ ಹೇಳಿದ್ದು, ಆ ಮುದುಕ ಹೇಳಿದ್ದು, ಎಲ್ಲ ಗೊತ್ತಿದ್ದೂ ಅದೇ ಸಾಲನ್ನು ಮತ್ತೆ ಓದಿದ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಫೋನ್ ಎಲ್ಲಿದೆ, ಟಿವಿಯವರ ನಂಬರ್ ಕೊಡು, ಈಗಲೇ ಹೇಳುತ್ತೇನೆ ಎಂದು ಕೂಗಾಡಿದೆ. ತಿರುಗಿ ನೋಡಿದರೆ ಓಪಲ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದಳು.

"ಕೂತ್ಕೋ ವರ್ನಾ," ಅಂದಳು. "ಆ ಸಾಲು ಆಗ ಪೇಪರಲ್ಲಿ ಓದಿದಾಗ ನಿಂಗೇನನ್ನಿಸ್ತು?"

"ಕಳ್ಳರು ಅನ್ನಿಸ್ತು. ನನ್ನದನ್ನ ಕಿತ್ಕೊಂಡ್ರು ಅನ್ನಿಸ್ತು."

"ನಂಗೆ ನಿಜ ಅನ್ನಿಸ್ತು." ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸಿದಳು. "ದೊಡ್ಡ ಮನುಷ್ಯರು, ಕೇಳಿದ್ದಾರೆ, ತಕ್ಕವಳಲ್ಲ ಅಂದಿದ್ದಾರೆ, ಇರಬೇಕು ಅಂದ್ಕೊಂಡೆ. ಎರಡನೇ ಅಂಕದಲ್ಲಿ ಮೇಲಿನ ಸ್ವರ ಸ್ವಲ್ಪ ಕೆಳಗೆ ಬೀಳತ್ತೆ ಅಂತ ನಂಗೇ ಅನುಮಾನ ಇತ್ತು. ಆಮೇಲೆ ಆ ಸ್ವರಕ್ಕೆ ಹೋಗೋಕೇ ಭಯ ಆಯ್ತು. ಮೂವತ್ತೊಂದು ವರ್ಷ ನಾನು ಚೆನ್ನಾಗಿ ಹಾಡ್ಲಿಲ್ಲ ಅಂತಾನೇ ಇದ್ದೆ ಕಣೇ. ಆ ಹುಡುಗಿ ಫೋನ್ ಮಾಡೋ ತನಕ."

ಟಿವಿಯಲ್ಲಿ ಇನ್ನೂ ಚಪ್ಪಾಳೆ ಕೇಳುತ್ತಿತ್ತು. ಆರಿಸಿದೆ.

ಆ ಸ್ವರ ಕೆಳಗೆ ಬೀಳುತ್ತಿರಲಿಲ್ಲ ಎಂದು ಹೇಳಲು ನನ್ನಿಂದ ಆಗಲಿಲ್ಲ, ಎರಡನೇ ಅಂಕಕ್ಕೆ ನಾನು ಕೂತಿರಲಿಲ್ಲವಲ್ಲ. ಮೊದಲನೇ ಅಂಕದಲ್ಲಿ ಬೀಳಲಿಲ್ಲ, ಅದನ್ನು ಹೇಳಿದೆ. "ಎಲ್ಲಿ ಕೂತಿದ್ದೆ?" ಎಂದು ಕೇಳಿದಳು. ಹಿಂದಿನ ಸಾಲಿನಲ್ಲಿ ಅಂದೆ. ಅಷ್ಟು ದೂರಕ್ಕೆ ಕೇಳಿಸಿತೇ ಎಂದಳು. ಕೇಳಿಸಿತು, ತಡೆದುಕೊಳ್ಳಲಾಗದಷ್ಟು ಕೇಳಿಸಿತು ಅಂದೆ. ಅವಳು ನನ್ನ ತಟ್ಟೆಗೆ ಇನ್ನಷ್ಟು ಮಾಂಸ ಬಡಿಸಿದಳು.

ಮೂವತ್ತೊಂದು ವರ್ಷ ನಾನು ಅವರನ್ನು ಬೈದುಕೊಂಡು ಬದುಕಿದೆ, ಓಪಲ್ ತನ್ನನ್ನೇ ಬೈದುಕೊಂಡು ಬದುಕಿದಳು. ಎರಡರಲ್ಲಿ ನನ್ನದೇ ವಾಸಿ. ಸುಳ್ಳು ಕಾರಣವಾದರೂ ನನ್ನ ಗಂಟಲನ್ನು ಅದು ಕಾಪಾಡಿತು. ಅವಳದನ್ನು ಏನು ಮಾಡಿದರೂ ಹಿಂದಕ್ಕೆ ತರಲಾಗುವುದಿಲ್ಲ, ಬೆಳ್ಳಿಯಿಂದಲೂ ಆಗುವುದಿಲ್ಲ. ಆ ಐವರಲ್ಲಿ ನಾಲ್ವರು ಸತ್ತಿದ್ದಾರೆ, ಸುಖವಾಗಿಯೇ ಸತ್ತಿರಬೇಕು. ಕ್ರೀಲ್ ಇದ್ದಾನೆ, ಮುಂದಿನ ವರ್ಷವೂ ಕುಂಡ ಇಡುತ್ತಾನೆ.

ಬುಧವಾರ ನ್ಯೂವರ್ಕಿಗೆ ಹೋಗುತ್ತೇನೆ. ಈ ಸಲ ಅಲ್ಲಿ ಏನನ್ನೂ ಮರೆತು ಬಂದಿಲ್ಲ.